ಹುಣಸೆಮರದ ದೆವ್ವದ ಕಣ್ಣು

ಒಂದಾನೊಂದು ಹುಣಸೆಮರದಲ್ಲಿ ಒಂದು ಹೆಣ್ಣುದೆವ್ವವಿತ್ತು. ಅಮಾವಾಸ್ಯೆಯೊಳಗೆ ಒಬ್ಬರನ್ನಾದರೂ ಹೆದರಿಸುತ್ತೇನೆಂದು ಹಿರಿಯ ದೆವ್ವಕ್ಕೆ ಮಾತು ಕೊಟ್ಟಿತ್ತು. ತಪ್ಪಿದರೆ ಕೊಂಬೆ ಖಾಲಿ ಮಾಡಬೇಕು. ಆ ಚಿಂತೆಯಲ್ಲೇ ಕಣ್ಣು ಮಂಜಾಗಿ, ಅಮಾವಾಸ್ಯೆಯ ಬೆಳಿಗ್ಗೆ ಕಣ್ಣಿನ ಡಾಕ್ಟರ ಮುಂದೆ ಹೋಗಿ ಕೂತಿತು. ಕೂತದ್ದೇ, ಹಿಂದುಮುಂದಾದ ತನ್ನ ಪಾದಗಳನ್ನು ಚಾಚಿ ತೋರಿಸಿತು.

"ಕಾಲನ್ನ ಪಕ್ಕದ ಡಾಕ್ಟ್ರು ನೋಡ್ತಾರಮ್ಮ. ನೀವು ಗಲ್ಲ ಇಲ್ಲಿಡಿ," ಎಂದರು ಡಾಕ್ಟರು. "ರೆಟಿನಾ ಹಿಂದೆ ನೀರು ತುಂಬಿದೆ. ಟೆನ್ಷನ್ ಹಾರ್ಮೋನ್ ಏರಿದ್ರೂ ಹೀಗಾಗಬಹುದು. ಚಿಂತೆ ಬಿಡಿ. ಸ್ಟೆರಾಯ್ಡ್ ಅಂತೂ ಮುಟ್ಟಲೇಬೇಡಿ, ಅದೂ ಆ ಹಾರ್ಮೋನ್ ಜಾತಿನೇ, ಕಣ್ಣೇ ಹೋದೀತು."

ದೆವ್ವ ಸೋತು ಸೆರಗಿನಿಂದ ಪುಟ್ಟ ಸೀಸೆ ತೆಗೆಯಿತು.

"ಅಯ್ಯೋ ಸಾಮಿ, ಆಲದಮರದ ಗೆಳತಿಗೆ ಯಾರೋ ಬರ್ಕೊಟ್ಟ ಸ್ಟೆರಾಯ್ಡ್ ಹನೀನೇ ಆರು ತಿಂಗಳಿಂದ ಎರಡೂ ಕಣ್ಣಿಗೆ ಬಿಟ್ಕೋತಾ ಇದ್ದೀನಲ್ಲಾ!"

ಡಾಕ್ಟರು ಕಿಟಾರನೆ ಕಿರುಚಿ, ಎದ್ದೆನೋ ಬಿದ್ದೆನೋ ಎಂದು ಬಾಗಿಲಾಚೆ ಓಡಿದರು.