ಮಾಯಾರಾಣಿಯ ಶಾಲು

"ನಲವತ್ತೊಂದನೇ ಸಲ ಸೋತೆ!" ಎಂದು ಆಟದ ಕಂಟ್ರೋಲರನ್ನು ಮೇಜಿನ ಮೇಲೆ ಎಸೆದ ತಮ್ಮ. ಪರದೆಯಲ್ಲಿ ಮಾಯಾರಾಣಿ ಶಾಲು ಕೊಡವಿಕೊಂಡು ನಿಂತಿದ್ದಳು. ಅವಳ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಆಟ ಜಪಾನಿನದು. ಕಂಪ್ಯೂಟರಿನಲ್ಲಿ ಆಡುವ ಮೂಲ ಪ್ರತಿಯಲ್ಲಿ ಈ ರಾಣಿ ತೊಟ್ಟಿದ್ದದ್ದು ಎರಡು ಕರ್ಚೀಫಿನಷ್ಟು ಬಟ್ಟೆ. ಟಿವಿಗೆ ಜೋಡಿಸುವ ಕನ್ಸೋಲಿಗೆ ಅದು ನಡೆಯದು, ಮೈ ಮುಚ್ಚಿ, ಸಾವಿನ ಮಾತನ್ನೂ ತೆಗೆಯಿರಿ ಎಂದು ಕನ್ಸೋಲಿನವರು ಪಟ್ಟಿ ಕಳಿಸಿದ್ದರು. ಆ ಕೆಲಸ ಅಕ್ಕ-ತಮ್ಮನಿಗೆ ಸಿಕ್ಕಿತ್ತು. ಅವರ ಮೊದಲ ಕೆಲಸ. ಚಿತ್ರ ಮತ್ತು ಮಾತು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಈ ರಾಣಿಯೊಡನೆ ನಡೆಯುವ ಕೊನೆಯ ಕಾಳಗ ಗೆದ್ದು ತೋರಿಸುವ ವಿಡಿಯೊ ಐದು ಗಂಟೆಗೆ ತಲುಪದಿದ್ದರೆ ಕೆಲಸ ಬೇರೆಯವರ ಪಾಲು. ಆಗಲೇ ಮೂರೂವರೆ.

ಆಟದ ನಿಯಮಗಳನ್ನು ತಿರುವುತ್ತಿದ್ದ ತಮ್ಮ ಒಮ್ಮೆಲೇ ಕೈ ನಿಲ್ಲಿಸಿದ. "ಅಕ್ಕಾ, ಇಲ್ಲಿ ನೋಡೇ! ಮೈ ಎಷ್ಟು ಮುಚ್ಚಿದೆಯೋ ರಕ್ಷಣೆ ಅಷ್ಟು. ಮೊದಲು ಇವಳದು ಹನ್ನೆರಡಿತ್ತು. ಈಗ ತೊಂಬತ್ತೊಂಬತ್ತು!"

"ನಾನೇನ್ ಮಾಡ್ಲಿ? ಕತ್ತಿನಿಂದ ಹಿಮ್ಮಡಿವರೆಗೂ ಮುಚ್ಚು ಅಂದ್ರು, ಮುಚ್ಚಿದೆ."

"ನೀನು ಬಟ್ಟೆ ತೊಡಿಸಿಲ್ಲ ಕಣೇ, ಕೋಟೆ ಕಟ್ಟಿದ್ದೀಯ!"

ಅಕ್ಕ ನಕ್ಕು ನಕ್ಕು ಕುರ್ಚಿಯಿಂದ ಜಾರಿಬಿದ್ದಳು. ಆ ಸದ್ದಿಗೆ, ಕೆಳಗೆ ಹೊಲಿಗೆ ಅಂಗಡಿ ನಡೆಸುವ ಅಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು. ಕಣ್ಣು ಕಿರಿದು ಮಾಡಿ ಪರದೆ ನೋಡಿದಳು.

"ಉದ್ದ ಅಂಗಿ, ಕೈಗವಸು, ಮೇಲೊಂದು ಶಾಲು. ಸುತ್ತ ಇಷ್ಟೊಂದು ದೀವಟಿಗೆ ಬೇರೆ. ಪಾಪ, ಈ ಹುಡುಗಿಗೆ ಸೆಕೆ ಆಗಲ್ವೇನ್ರೋ? ಯಾವ ಬಟ್ಟೆ ಅದು?"

"ರೇಷ್ಮೆ ಅಂತ ಬರ್ದಿದ್ದೀನಿ," ಎಂದಳು ಅಕ್ಕ ನೆಲದಿಂದಲೇ.

ತಮ್ಮ ಎದ್ದು ಕುಣಿದುಬಿಟ್ಟ. ಮರುಭೂಮಿಯ ಪಯಣಕ್ಕೆಂದು ಜಪಾನಿನವರು ಇನ್ನೊಂದು ನಿಯಮ ಇಟ್ಟಿದ್ದರು: ಬಿಸಿಲಾಗಲಿ ಬೆಂಕಿಯಾಗಲಿ, ಅದರ ಹತ್ತಿರ ಉಣ್ಣೆ ತೊಟ್ಟು ನಿಂತವರ ಶಕ್ತಿ, ರಕ್ಷಣೆ ಎಷ್ಟೇ ಇರಲಿ, ಕ್ಷಣಕ್ಷಣಕ್ಕೂ ಇಳಿಯುತ್ತದೆ. "ಅಮ್ಮಾ, ನೀನು ದೇವರು! ಅಕ್ಕಾ, ರೇಷ್ಮೆ ತೆಗಿ, ಉಣ್ಣೆ ಹಾಕು! ಬಟ್ಟೆ ಹೇಗೂ ಚಿತ್ರದ ಲೆಕ್ಕವೇ!"

"ಒಳಗೆ ದಪ್ಪ ಅಸ್ತರೂ ಕೊಡು," ಎಂದಳು ಅಮ್ಮ, ಗಿರಾಕಿಯ ಮುಂದೆ ನಿಂತಷ್ಟೇ ಗಂಭೀರವಾಗಿ.

ರಾಣಿಯ ಕೊನೆಯ ಮಾತು ಮಾತ್ರ ಉಳಿದಿತ್ತು. ಮೂಲದಲ್ಲಿ ಅವಳು 'ಸಾಯುತ್ತಿದ್ದೇನೆ' ಅನ್ನುತ್ತಿದ್ದಳು. "ಈಗ ಏನ್ ಅನ್ಲಿ ಇವ್ಳು?" ಎಂದು ತಮ್ಮ ತಲೆ ಕೆರೆದುಕೊಂಡ.

"ಸೆಕೆ ಆದೋರು ಏನಂತಾರೋ ಅದನ್ನೇ ಅನ್ನಿಸು," ಎಂದು ಅಮ್ಮ ಮೆಟ್ಟಿಲಿಳಿದಳು.

ನಾಲ್ಕೂ ನಲವತ್ತಕ್ಕೆ ಕಾಳಗ ಶುರುವಾಯಿತು. ತಮ್ಮ ಆಡಿಸುತ್ತಿದ್ದ ವೀರರು ಯಾರೂ ಕತ್ತಿ ಎತ್ತಲಿಲ್ಲ. ಕಂಬಗಳ ಹಿಂದೆ ಅವಿತು ಕಾದರು. ದೀವಟಿಗೆಗಳು ಉರಿದವು. ರಾಣಿಯ ಶಕ್ತಿ ಹನಿಹನಿಯಾಗಿ ಇಳಿದು ಸೊನ್ನೆ ಮುಟ್ಟಿತು. ಅವಳು ಮಂಡಿಯೂರಿದಳು. ಶಾಲು ಒಂದಿಂಚೂ ಜಾರಲಿಲ್ಲ. ಅದರ ತುದಿಯಿಂದಲೇ ಮುಖಕ್ಕೆ ಗಾಳಿ ಬೀಸಿಕೊಳ್ಳುತ್ತ ಅವಳೆಂದಳು:

"ಗೆದ್ದಿರಿ, ಒಪ್ಪಿದೆ. ಮೊದಲು ಆ ಕಿಟಕಿ ತೆಗೀರಿ."