ನಾಳೆ ಹೊಡೀತಾರೆ
"ಔಷಧಿ ಹೊಡೆಯೋ ಹಿಂದಿನ ದಿನ ಯಾರಿಗೆ ತಿಳಿಸ್ಬೇಕು?"

ಕೋಣಂದೂರಿನ ತರಬೇತಿಯಲ್ಲಿ ಅಧಿಕಾರಿ ಕೇಳಿದ ಕೊನೆಯ ಪ್ರಶ್ನೆಗೆ ಧರಣೇಂದ್ರ ತಡವರಿಸಿದ. ಇದೊಂದು ತಪ್ಪಿದರೆ ಸಿಂಪಡಣೆಯ ಲೈಸೆನ್ಸ್ ನವೀಕರಣವಾಗದು. ಆದರೆ ಕಣ್ಮುಂದೆ ಬಂದವಳು ಅಜ್ಜಿ. ಗದ್ದೆಗೆ ಔಷಧಿ ಹೊಡೆಯುವ ಮುನ್ನಾದಿನ ಜೈನರ ಮನೆಯ ಆ ಹಿರಿಯಾಕೆ ಅಂಚಿನ ಮೇಲೆ ನಿಂತು, ಕೈಮುಗಿದು ಕೂಗುತ್ತಿದ್ದಳು: "ನಾಳೆ ಬೆಳಿಗ್ಗೆ ಹೊಡೀತಾರೆ, ಮಕ್ಳು ಮರಿ ಕಟ್ಕೊಂಡು ಹೊರಟೋಗ್ರಪ್ಪಾ!"

"ಹುಳಗಳಿಗೆ ಸಾರ್," ಎಂದುಬಿಟ್ಟ.

ಕೊಠಡಿಯೇ ಗೊಳ್ಳೆಂದಿತು. ಅಜ್ಜಿಯ ಕಥೆ ಕೇಳಿದ ಅಧಿಕಾರಿ ಮಾತ್ರ ನಗಲಿಲ್ಲ. "ಪುಸ್ತಕದಲ್ಲಿರೋದು ಅಕ್ಕಪಕ್ಕದ ಗದ್ದೆಯವರಿಗೆ, ಜೇನು ಸಾಕೋರಿಗೆ ಅಂತ. ಅವರಿಗೂ ಹೇಳಿ," ಎನ್ನುತ್ತಾ ನವೀಕರಣದ ಅರ್ಜಿಗೆ ಸಹಿ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹುಳ ಹೋಗ್ತಿದ್ವಾ?"

"ಗೊತ್ತಿಲ್ಲ ಸಾರ್. ಹೊಡೆದ ದಿನ ಅಜ್ಜಿ ಉಣ್ತಿರ್ಲಿಲ್ಲ."