ಹೆಚ್ಚಿನ ಪ್ರತಿ

ಎರಡು ಕೋಣೆಯ ಮನೆಯಲ್ಲಿ ಇಬ್ಬರು ಅಜ್ಜಿಯರನ್ನು ಇಟ್ಟುಕೊಂಡರೆ ದಿನಸಿಗೆ ಬೀಳುವ ಖರ್ಚು ದೊಡ್ಡದೇನಲ್ಲ. ಹೊಡೆತ ಬೀಳುವುದೆಲ್ಲ ಬೇರೆ ಕಡೆ. ಮಂಚ ಬಿಟ್ಟುಕೊಟ್ಟು ಗಂಡ ಹೆಂಡತಿ ಹಜಾರದ ನೆಲಕ್ಕೆ ಇಳಿಯಬೇಕು. ಬೆಳಿಗ್ಗೆ ಬಚ್ಚಲಿಗೆ ಸರದಿ ಕಾಯಬೇಕು. ಅಡುಗೆಮನೆಯ ಗದ್ದಲಕ್ಕಾಗಿ ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹಲ್ಲು ಕಿರಿಯಬೇಕು. ಮಗು ಹುಟ್ಟಿದಾಗ ಬಾಣಂತನಕ್ಕೆಂದು ಬಂದ ಹೆಂಡತಿಯ ಅಮ್ಮನೂ ಅತ್ತೆಯೂ, ಅದು ಗೋಡೆ ಹಿಡಿದು ನಿಲ್ಲುವ ಹೊತ್ತಿಗೂ ಅಲ್ಲೇ ಇದ್ದರು.

ಜಗಳ ಶುರುವಾಗುತ್ತಿದ್ದುದು ಉಪ್ಪಿನಿಂದ.

“ಬಿಡಿ ಬೀಗಿತ್ತಿ, ಉಪ್ಪು ನಾನ್ ಹಾಕ್ತೀನಿ. ನಿಮ್ಮ ಕೈ ಭಾರ,” ಎಂದು ಅಮ್ಮ ಡಬ್ಬಿ ಕಿತ್ತುಕೊಳ್ಳುವಳು.

“ನಿಮ್ಮ ಅಳಿಯನ್ನ ಬೆಳೆಸಿದ್ದು ಇದೇ ಕೈ ರೀ!” ಎಂದು ಅತ್ತೆ ಗಂಟಲು ಹರಿಯುವಂತೆ ಕೂಗುವರು. ಅತ್ತೆಯದು ಎಲ್ಲಕ್ಕೂ ಕೂಗೇ. “ಹಾಲು ಉಕ್ತು!” “ಮಗು ಎದ್ದಿದೆ!” “ಬೀಗಿತ್ತೀ, ನಿಮ್ಮ ಫೋನು!” ಇದನ್ನೂ ಅಮ್ಮನ ಮುಖದ ಹತ್ತಿರ ಹೋಗಿಯೇ ಕೂಗಬೇಕು.

“ಒಬ್ರಿದ್ರೆ ಸಾಕಾಗಲ್ವಾ?” ಎಂದ ಗಂಡ. ಯಾರು ಎಂದು ಮಾತ್ರ ಬಾಯಿ ಬಿಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳೂ ಕೇಳಲಿಲ್ಲ.

ಅವಳು ಮೀನುಗಳ ಮೇಲೆ ಸಂಶೋಧನೆ ಮಾಡುವವಳು. ನಮಗೆ ರಜೆಯಿದ್ದರೂ ಮೀನಿನ ಹೊಟ್ಟೆಗೆ ರಜೆಯಿಲ್ಲ. ಒಂದು ಭಾನುವಾರ ಅವಳು ಮೇವು ಹಾಕಲು ಹೊರಟಾಗ, ಮಗುವಿಗೆ ಮೀನು ತೋರಿಸುವ ನೆಪದಲ್ಲಿ ಇಬ್ಬರು ಅಜ್ಜಿಯರೂ ಬೆನ್ನು ಹತ್ತಿದರು. ಪ್ರಯೋಗಾಲಯದ ಒಳಕೋಣೆ ಬೆಚ್ಚಗೆ, ತೇವವಾಗಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪುಟ್ಟ ತೊಟ್ಟಿಗಳು, ಅವುಗಳಲ್ಲಿ ಕಿರುಬೆರಳಿಗಿಂತ ಚಿಕ್ಕ ಪಟ್ಟೆ ಮೀನುಗಳು.

“ಕೋಟ್ಯಂತರ ವರ್ಷದ ಹಿಂದೆ ಇವುಗಳ ಪೂರ್ವಜರಲ್ಲಿ ಒಂದು ಎಡವಟ್ಟಾಯ್ತು,” ಎಂದಳು ಅವಳು, ಮೇವನ್ನು ಹನಿಹನಿಯಾಗಿ ಬಿಡುತ್ತ. “ಮೈ ಹೇಗೆ ಕಟ್ಬೇಕು, ಹೇಗೆ ನಡೆಸ್ಬೇಕು ಅಂತ ಹೇಳೋ ಜೀನುಗಳಿರ್ತಾವಲ್ಲ, ಅಷ್ಟೂ ಎರಡೆರಡು ಪ್ರತಿ ಆಗ್ಬಿಟ್ವು. ಮೂಳೆಗೆ ಎರಡು, ಕಣ್ಣಿಗೆ ಎರಡು.”

“ನಮ್ಮನೆ ಅಡುಗೆಮನೆ ಥರ,” ಎಂದರು ಅತ್ತೆ.

“ಆಮೇಲೆ?” ಅಮ್ಮ ಬಲಗಿವಿ ಮುಂದೆ ಮಾಡಿಕೊಂಡು ಕೇಳಿದಳು.

“ಆಮೇಲೇನು, ಒಂದೇ ಕೆಲಸಕ್ಕೆ ಇಬ್ಬರು ಯಾಕೆ? ಹೆಚ್ಚಿನ ಪ್ರತಿಗಳು ಬಹುಪಾಲು ಕೆಟ್ಟು, ಕಳೆದೇ ಹೋದ್ವು. ಜೋಡಿಯಾಗಿ ಉಳಿದಿರೋದು ಸ್ವಲ್ಪ. ಈ ತೊಟ್ಟೀಲಿ ಅಂಥ ಒಂದು ಜೋಡಿಯಿಂದ ಒಂದನ್ನ ನಾವೇ ತೆಗೆದಿದ್ದೀವಿ.”

“ಏನಾಯ್ತು?”

“ಏನೂ ಆಗ್ಲಿಲ್ಲಮ್ಮ. ಇನ್ನೊಂದೇ ನಿಭಾಯಿಸ್ಕೊಂಡು ಹೋಗ್ತಿದೆ.”

ಜೋಡಿಗಳು ಏಕೆ ಉಳಿದವು ಎಂದು ಹೇಳಲು ಹೊರಟಿದ್ದಳು. ಅಷ್ಟರಲ್ಲಿ ಮಗು ರಾಗ ತೆಗೆಯಿತು. ಮಾತು ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಅಮ್ಮ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. “ಮಗಳ ಮನೇಲಿ ಹೆಚ್ಚಿನ ಪ್ರತಿ ನಾನೇ ತಾನೆ? ನೇರ ಹೇಳೋಕಾಗ್ದೆ ಮೀನಿನ ಬಾಯಲ್ಲಿ ಹೇಳಿಸ್ದೆ. ಬೇಜಾರಿಲ್ಲ ಕಣೆ.”

“ಅಯ್ಯೋ, ನಾನು ಹಾಗಂದಿದ್ದಲ್ಲಮ್ಮ,” ಎಂದಳು. ಆದರೆ ಚೀಲಕ್ಕೆ ಕೈ ಹಾಕಿ ಒಳಗಿಡಲಿಲ್ಲ. ಬಸ್ಸು ಹತ್ತಿಸಿದಳು. ಊರಲ್ಲಿ ಅಮ್ಮನದೊಂದು ಬಾಡಿಗೆ ಕೋಣೆ ಇತ್ತು.

ಮನೆ ತಣ್ಣಗಾಯಿತು. ಮಂಚ ಸಿಕ್ಕಿತು, ಬಚ್ಚಲು ಸಿಕ್ಕಿತು. ಕೆಟ್ಟದ್ದು ಊಟ. ಒಂದು ದಿನ ಪಲ್ಯ ಬಾಯಿಗಿಡಲಾಗದಷ್ಟು ಉಪ್ಪು, ಮರುದಿನ ಬರೀ ಸಪ್ಪೆ. ಕೊನೆಗೊಂದು ದಿನ ಗಂಡ ತಟ್ಟೆ ಸರಿಸಿ ತನ್ನ ತಾಯಿಗೆ ಹೇಳಿದ: “ಇಳಿಸೋ ಮೊದಲು ಒಂಚೂರು ರುಚಿ ನೋಡ್ಬಾರ್ದೇನಮ್ಮ?”

ಅತ್ತೆ ಒಂದು ತುತ್ತು ಬಾಯಿಗಿಟ್ಟರು. “ಸರಿಯಾಗೇ ಇದೆಯಲ್ಲೋ,” ಎಂದರು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ತಟ್ಟೆಯೊಳಗೇ ಮಾತಾಡಿದರು:

“ಹೋದ ವರ್ಷ ಜ್ವರ ಬಂತಲ್ಲ, ಅವತ್ತಿಂದ ನಾಲಿಗೆಗೆ ಏನೂ ಗೊತ್ತಾಗಲ್ಲ. ನಿಮ್ಮಮ್ಮ ಬಂದ ವಾರಕ್ಕೇ ಕಂಡುಹಿಡಿದ್ರು. ಯಾರಿಗೂ ಹೇಳ್ಬೇಡಿ ಅಂತ ಕೈ ಹಿಡ್ಕೊಂಡೆ. ಅದಕ್ಕೇ ಜಗಳ ತೆಗೆದು ಡಬ್ಬಿ ಕಿತ್ಕೊಳ್ತಿದ್ರು.”

“ಮತ್ತೆ ನೀವ್ಯಾಕತ್ತೆ ಹಾಗೆ ಕೂಗಾಡ್ತಿದ್ರಿ?”

“ಕೂಗದೆ ಏನ್ಮಾಡ್ಲಿ? ಅವರಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ನಿಂಗೆ ಗೊತ್ತಾಗ್ಬಾರ್ದು ಅಂತ ಅವರೂ ಆಣೆ ಹಾಕಿಸ್ಕೊಂಡಿದ್ರು.”

ಭಾನುವಾರ ಮೀನಿನ ತೊಟ್ಟಿಯ ಮುಂದೆ ಅವಳು ಹೇಳದೆ ಬಿಟ್ಟ ಅರ್ಧ ಇದೇ. ಜೊತೆಗೆ ಇನ್ನೊಂದು ಇದೆಯಲ್ಲ ಎಂಬ ಧೈರ್ಯದಲ್ಲಿ ಒಂದು ಪ್ರತಿ ಒಂದು ಕೆಲಸ ಮರೆಯುತ್ತದೆ, ಇನ್ನೊಂದು ಇನ್ನೊಂದನ್ನು. ಆಮೇಲೆ ಎರಡೂ ಸೇರಿದರೇ ಒಂದು. ಜೋಡಿಗಳು ಉಳಿದದ್ದು ಎಷ್ಟೋ ಸಲ ಹೀಗೆಯೇ. ಆ ತೊಟ್ಟಿಯ ಮೀನಿಗೂ ಏನೂ ಆಗಲಿಲ್ಲ ಎಂದದ್ದು, ತನ್ನ ಕಣ್ಣಿಗೆ ಬಿದ್ದಷ್ಟರ ಮಟ್ಟಿಗೆ.

ಕೈ ತೊಳೆದು ಅಮ್ಮನಿಗೆ ಫೋನು ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು.

“ಎತ್ತಲ್ಲ ಬಿಡು,” ಎಂದರು ಅತ್ತೆ. “ಫೋನ್ ಬಂತು ಅಂತ ಕೂಗೋಕೆ ಅಲ್ಲಿ ಯಾರಿದ್ದಾರೆ?”

ಮನೆಗೆ ಒಂದು ಮಂಚ ಲಾಭವಾಗಿತ್ತು. ಆ ಕಡೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು.